ಮೀಸೆ ಇದ್ದ ಮೀನೆಲ್ಲ ಮಾಗೂರ ಅಲ್ಲ

(ಸಂಘದ ಬೆಳ್ಳಿ ಹಬ್ಬದ ನಿಮಿತ್ತ ಏರ್ಪಡಿಸಿದ್ದ ರೈತ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನನಗಿಂತ ಮೊದಲು ಮಾತಾಡಿದವರು ಸಂಘ ಹುಟ್ಟಿದ್ದು, ಬೆಳೆದದ್ದು, ಪಾಲು ಬಂಡವಾಳ, ಸಾಲ ವಸೂಲಿ, ಗೊಬ್ಬರದ ಗೋದಾಮು ಎಲ್ಲವನ್ನೂ ಚೆನ್ನಾಗಿ ಹೇಳಿದ್ದಾರೆ. ಅದನ್ನೇ ನಾನು ಮತ್ತೊಮ್ಮೆ ಹೇಳಿದರೆ ನಿಮಗೆ ಊಟದ ನೆನಪು ಬರುತ್ತದೆ. ನನಗೆ ಒಪ್ಪಿಸಿದ ವಿಷಯ ಬೇರೆ. ಮೀನು. ಅದರೊಳಗೂ ಮೀಸೆ ಇದ್ದ ಮೀನು. ನಗಬ್ಯಾಡ್ರಿ, ಇದು ನಮ್ಮ ರೊಕ್ಕದ ಮಾತು.

ವಿಷಯ ಹೀಗಿದೆ. ನಮ್ಮ ಸದಸ್ಯರಲ್ಲಿ ಭಾಳ ಮಂದಿ ಹೊಲದಾಗ ಕೃಷಿ ಹೊಂಡ ಮಾಡಿಕೊಂಡಿದ್ದಾರೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲಂತೂ ಇಂಡಿ, ಸಿಂದಗಿ ಕಡೆಯ ನಿಂಬೆ ಮತ್ತು ದಾಳಿಂಬೆ ತೋಟಗಳಲ್ಲಿ ಹೊಂಡ ಎಲ್ಲೆಲ್ಲೂ ಕಾಣುತ್ತವೆ. ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಏತ ನೀರಾವರಿಯಿಂದ ಕೆರೆ ತುಂಬಿಸುವುದು ನಡೆದಿದೆ. ನೀರು ನಿಂತಲ್ಲಿ ಮೀನು ಬಿಡಬೇಕೆಂಬ ಆಸೆ ಸಹಜ. ಹೋದ ಬೇಸಿಗೆಯಲ್ಲಿ ಒಬ್ಬ ವ್ಯಾಪಾರಿ ನಮ್ಮ ಕಚೇರಿಗೆ ಬಂದು, 'ದೇಸಿ ಮಾಗೂರ ಮರಿ ಕೊಡುತ್ತೇನೆ, ಸಂಘದ ಮುಖಾಂತರ ತಗೊಂಡರ ಅಗ್ಗ, ಆರೇ ತಿಂಗಳಿಗೆ ಕಿಲೋ ತೂಗುತ್ತದೆ, ಸಾಯೋದಿಲ್ಲ, ಏನು ಹಾಕಿದರೂ ತಿಂತದ' ಎಂದು ಹೇಳಿ ಹೋದ. ಆಡಳಿತ ಮಂಡಳಿಯಲ್ಲಿ ಎರಡು ಅಭಿಪ್ರಾಯ ಆದವು. ಈ ಬೇಡಿಕೆಯನ್ನು ಸಾಮಾನ್ಯ ಸಭೆಯ ಮುಂದೆ ಇಡಬೇಕು, ಅದಕ್ಕೂ ಮೊದಲು ಮೀನು ಗುರುತಿಸುವುದು ಹೇಗೆಂದು ಸದಸ್ಯರಿಗೆ ತಿಳಿಸಬೇಕು ಎಂದು ನಿರ್ಧಾರವಾಯಿತು. ಹೊಂಡ ಇದ್ದವನೆಂದು ಆ ಕೆಲಸ ನನ್ನ ಕೊರಳಿಗೆ ಬಿತ್ತು. ಆ ವ್ಯಾಪಾರಿಯ ಮಾತಿನಲ್ಲೇ ಒಂದು ತಕರಾರು ಅಡಗಿದೆ. ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮೂರಾಗ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಮೀನು ತಿನ್ನೂದಿಲ್ಲ. ತಿನ್ನದವರಿಗೆ ಈ ಮಾತು ಯಾಕೆ ಎಂದು ಕೆಲವರು ಕೇಳಬಹುದು. ಮೀನು ತಿನ್ನದಿದ್ದರೂ ಹೊಂಡ ನಿಮ್ಮದು, ಹೊಂಡ ತುಂಬಿ ಹರಿಯುವ ಹಳ್ಳ ನಿಮ್ಮದು, ಸಂಘದಿಂದ ಎತ್ತಿದ ಸಾಲ ನಿಮ್ಮದು. ಅದಕ್ಕೆ ಎಲ್ಲರೂ ಸ್ವಲ್ಪ ಹೊತ್ತು ಕೂಡ್ರಿರಿ.

ನದಿ ದಂಡಿಯ ಅಂಬಿಗರ ಮಂದಿ ಈ ಸಭೆಯಲ್ಲಿ ಹಿಂದೆ ಕೂತಿದ್ದಾರೆ. ನಾನು ಹೇಳುವುದರಲ್ಲಿ ಅರ್ಧ ಅವರಿಂದ ಕಲಿತದ್ದು, ಅರ್ಧ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳಿಂದ ಮತ್ತು ಪುಸ್ತಕದಿಂದ ತಿಳಿದದ್ದು. ಒಂದು ಸಂಗತಿ ನನಗೆ ಭಾಳ ಹಿಡಿಸಿತು. ಬ್ರಿಟಿಷರ ಕಾಲದಲ್ಲಿ ಕರ್ನಲ್ ಸೈಕ್ಸ್ ಎಂಬವನು ಭೀಮೆ ಮತ್ತು ಅದರ ಉಪನದಿಗಳ ಕಡೆ ತಿರುಗಾಡಿ ಈ ದಖ್ಖನ್ ಸೀಮೆಯ ಮೀನುಗಳನ್ನು ಬರೆದಿಟ್ಟ. ಮೀಸೆ ಮೀನಿನ ಒಂದು ಜಾತಿಗೆ 1839ರಲ್ಲಿ ಅವನು ಇಟ್ಟ ಹೆಸರು 'ಕುಟುರ್ನಿ'. ಅದು ಇಂಗ್ಲಿಷ್ ಅಲ್ಲ, ಲ್ಯಾಟಿನ್ನೂ ಅಲ್ಲ, ಇಲ್ಲಿಯ ಮೀನು ಹಿಡಿಯುವವರ ಬಾಯಿಂದ ಬಂದ ಹೆಸರು. ಇವತ್ತಿಗೂ ಜಗತ್ತಿನ ಪುಸ್ತಕಗಳಲ್ಲಿ ಆ ಮೀನು 'ರೀಟಾ ಕುಟುರ್ನಿ' ಎಂದೇ ಇದೆ. ಅಂದಮೇಲೆ ಅಂಬಿಗರ ಹಿರಿಯರು ನಡುವೆ ಎದ್ದು 'ಅದು ಹಂಗಲ್ಲ' ಎಂದರೆ ನಾನು ಒಪ್ಪಿಕೊಳ್ಳುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ಇಂಗ್ಲಿಷಿನಲ್ಲಿ ಕ್ಯಾಟ್‌ಫಿಶ್ ಅನ್ನುತ್ತಾರೆ. ಬೆಕ್ಕಿನ ಹಾಗೆ ಮೀಸೆ ಇರುವುದರಿಂದ ಆ ಹೆಸರು. ನಮ್ಮ ಮಂದಿ ಮೀಸೆ ಕಂಡ ಕೂಡಲೇ 'ಮಾಗೂರ', 'ಮಾಂಗೂರ' ಅಂದುಬಿಡುತ್ತಾರೆ. ಇದು ಎತ್ತು, ಎಮ್ಮೆ, ಆಡು ಎಲ್ಲಕ್ಕೂ 'ಕೊಂಬಿನ ಪ್ರಾಣಿ' ಅಂದಂಗ. ನಮ್ಮ ಕೃಷ್ಣಾ ಭೀಮಾ ನೀರಿನಲ್ಲಿ ಮೀಸೆ ಇರುವ ಮೀನು ಹತ್ತಾರು ಜಾತಿ ಇವೆ. ಒಂದು ಸಾಧು, ಒಂದು ಕಳ್ಳ, ಒಂದು ಚೇಳಿನಂತೆ ಕುಟುಕುವುದು, ಒಂದು ಸರಕಾರ ಸಾಕಲೇಬಾರದು ಎಂದು ಹೇಳಿದ್ದು. ಹೆಸರು ಒಂದೇ ಆದರೆ ಕೊಳ್ಳುವವನಿಗೆ ಮೋಸ.

ಮೊದಲು ಹುರುಪೆ ನೋಡಿರಿ. ರೋಹು, ಕಾಟ್ಲಾ, ಮೃಗಾಲಕ್ಕೆ ಮೈತುಂಬ ಹುರುಪೆ ಇರುತ್ತವೆ. ಮೀಸೆ ಮೀನುಗಳ ಮೈ ನುಣ್ಣಗೆ, ಹುರುಪೆ ಇಲ್ಲದೆ, ಲೋಳೆ ಲೋಳೆ ಇರುತ್ತದೆ. ಸಾಮಾನ್ಯ ಗೆಂಡೆ ಅಂದರೆ ಕಾಮನ್ ಕಾರ್ಪಿಗೂ ಬಾಯಿ ಹತ್ತಿರ ಸಣ್ಣ ಮೀಸೆ ಇವೆ, ಆದರೆ ಅದಕ್ಕೆ ದೊಡ್ಡ ಹುರುಪೆ ಇವೆ, ಅದು ಈ ಗುಂಪಿಗೆ ಸೇರಿದ್ದಲ್ಲ. ಕೊರವ ಅಥವಾ ಮರಳ ಅನ್ನುವ ಹಾವಿನ ತಲೆಯ ಮೀನಿಗೆ ಮೀಸೆಯೇ ಇಲ್ಲ, ಹುರುಪೆ ಇವೆ. ಅದೂ ಕೆಸರಿನಲ್ಲಿ ಬದುಕುತ್ತದೆ, ಗಾಳಿ ಕುಡಿಯುತ್ತದೆ, ಆದ್ದರಿಂದ ಕೆಲವರು ಅದನ್ನೂ ಮಾಗೂರದ ಲೆಕ್ಕಕ್ಕೆ ಹಾಕುತ್ತಾರೆ. ಅದು ತಪ್ಪು.

ಹುರುಪೆ ಇಲ್ಲ, ಮೀಸೆ ಇದೆ ಎಂದು ಖಾತ್ರಿ ಆದ ಮೇಲೆ ನಾಲ್ಕು ಕಡೆ ಕಣ್ಣು ಹಾಯಿಸಬೇಕು. ಮೀಸೆ ಎಷ್ಟು ಜೋಡಿ, ಬೆನ್ನಿನ ರೆಕ್ಕೆ ಉದ್ದವೋ ಗಿಡ್ಡವೋ, ಅದರ ಹಿಂದೆ ಬಾಲದ ಹತ್ತಿರ ಇನ್ನೊಂದು ಮೆತ್ತನ ರೆಕ್ಕೆ ಇದೆಯೋ ಇಲ್ಲವೋ, ಬಾಲ ದುಂಡಗೋ ಕವಲೋ. ಆ ಮೆತ್ತನ ರೆಕ್ಕೆಗೆ ಪುಸ್ತಕದಲ್ಲಿ ಕೊಬ್ಬಿನ ರೆಕ್ಕೆ ಅನ್ನುತ್ತಾರೆ. ಅದರಲ್ಲಿ ಎಲುಬು ಇರುವುದಿಲ್ಲ, ಬೆರಳಿಂದ ಮುಟ್ಟಿದರೆ ಕಿವಿಯ ಹಾಲೆಯಂತೆ ಮೆತ್ತಗೆ. ಎತ್ತು ಕೊಳ್ಳುವಾಗ ಹಲ್ಲು, ಸುಳಿ, ಗೊರಸು ನೋಡುವ ನಮಗೆ ಇದೇನೂ ಕಷ್ಟದ ಕೆಲಸ ಅಲ್ಲ. ಬಣ್ಣವನ್ನು ಮಾತ್ರ ಮೊದಲೇ ನಂಬಬೇಡಿರಿ. ಒಂದೇ ಮೀನು ಎರೆ ಮಣ್ಣಿನ ಹೊಂಡದಲ್ಲಿ ಕಪ್ಪಗಿರುತ್ತದೆ, ತಿಳಿ ನೀರಿನಲ್ಲಿ ಬೆಳ್ಳಗಾಗುತ್ತದೆ.

ಬೆನ್ನಿನ ರೆಕ್ಕೆ ಗಿಡ್ಡ, ಮೀಸೆ ಎರಡೇ ಜೋಡಿ, ಬಾಲ ಕವಲು, ಹಿಂದೆ ಮೆತ್ತನ ರೆಕ್ಕೆ ಇಲ್ಲ, ಹೊಟ್ಟೆಯ ಕೆಳಗೆ ಬಾಲದವರೆಗೂ ಉದ್ದ ರೆಕ್ಕೆ, ಮೈ ಚಪ್ಪಟೆ. ಇಷ್ಟು ಕಂಡರೆ ಅದು ಬಾಳೆ ಮೀನು ಅಥವಾ ಅದರ ದಾಯಾದಿ. ಬಾಳೆ ಮೀನಿನ ಬಾಯಿ ನೋಡಿದರೆ ಸಾಕು. ಬಾಯಿಯ ಸೀಳು ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿರುತ್ತದೆ, ಒಳಗೆ ಚೂಪು ಹಲ್ಲುಗಳ ಸಾಲು. ಒಂದು ಮೀಟರಿಗೂ ಮೀರಿ ಬೆಳೆಯುವ ಮೀನು ಇದು, ಕೆಲಸ ಬರೀ ಬೇರೆ ಮೀನು ನುಂಗುವುದು. ಕಾಲುವೆ ನೀರಿನ ಜೊತೆ ಇದರ ಮರಿ ಒಂದು ನಾಲ್ಕು ನಿಮ್ಮ ಹೊಂಡಕ್ಕೆ ಬಂದರೆ ನೀವು ಬಿಟ್ಟ ರೋಹು ಮರಿಗಳನ್ನು ಅವೇ ಲೆಕ್ಕ ಮಾಡಿ ಮುಗಿಸುತ್ತವೆ. ನಮ್ಮ ಸದಸ್ಯರೊಬ್ಬರ ಹೊಂಡದಲ್ಲಿ ವರ್ಷದ ಕೊನೆಗೆ ಬಲೆ ಹಾಕಿದಾಗ ರೋಹು ಬೆರಳೆಣಿಕೆಯಷ್ಟು, ಬಾಳೆ ಮೀನು ಮೂರು, ಮೂರೂ ಕೊಬ್ಬಿದ್ದವು. ಅವರು ಬೀಜ ಕೊಟ್ಟವನನ್ನು ಬೈದರು, ಆದರೆ ಕಳ್ಳ ಬಂದದ್ದು ಕಾಲುವೆಯಿಂದ. ನೀರು ಒಳಗೆ ಬರುವ ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿದ್ದರೆ ಆ ನಷ್ಟ ಆಗುತ್ತಿರಲಿಲ್ಲ. ಹಾಗಂತ ನದಿಯಲ್ಲಿ ಬಾಳೆ ಮೀನನ್ನು ಹಗೆ ಎಂದು ತಿಳಿಯಬಾರದು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದು ಈಗ ಅಪಾಯದ ಅಂಚಿಗೆ ಬಂದ ಜಾತಿ. ಹೊಂಡದಲ್ಲಿ ಕಳ್ಳ, ನದಿಯಲ್ಲಿ ಮನೆಯ ಮಗ.

ಅದರ ದಾಯಾದಿಯನ್ನು ಕೆಲವರು ಗೊದ್ದಲೆ ಅನ್ನುತ್ತಾರೆ. ಸಣ್ಣ ಬಾಳೆ ಮೀನು ಎಂದು ಮಾರುತ್ತಾರೆ, ಆದರೆ ಬಾಯಿಯ ಸೀಳು ಕಣ್ಣಿನವರೆಗೂ ಬರುವುದಿಲ್ಲ, ಕಿವಿರಿನ ಹಿಂದೆ ಎದೆಯ ರೆಕ್ಕೆಯ ಮೇಲ್ಗಡೆ ಒಂದು ಕಪ್ಪು ಚುಕ್ಕೆ ದೃಷ್ಟಿಬೊಟ್ಟಿನ ಹಾಗೆ ಇರುತ್ತದೆ. ತಿನ್ನುವವರು ಇದರ ರುಚಿಯನ್ನು ಹೊಗಳುತ್ತಾರೆ. ಇದೂ ಮೊದಲಿನಷ್ಟು ಸಿಗುವುದಿಲ್ಲ ಎಂದು ಅಂಬಿಗರ ಮಾತು.

ಬೆನ್ನಿನ ರೆಕ್ಕೆಗೆ ಗಟ್ಟಿ ಮುಳ್ಳು, ಹಿಂದೆ ಮೆತ್ತನ ರೆಕ್ಕೆ, ಮೀಸೆ ನಾಲ್ಕು ಜೋಡಿ, ಬಾಲ ಕವಲು ಇದ್ದರೆ ಅದು ಸಿಂಗಾಲದ ಬಳಗ. ದೊಡ್ಡ ಸಿಂಗಾಲದ ಮೂತಿ ಉದ್ದ ಮತ್ತು ಚಪ್ಪಟೆ, ಮೆತ್ತನ ರೆಕ್ಕೆಯ ಹಿಂತುದಿಯಲ್ಲಿ ಎದ್ದು ಕಾಣುವ ಕಪ್ಪು ಬೊಟ್ಟು. ಆ ಬೊಟ್ಟು ಕಂಡರೆ ಮತ್ತೇನೂ ಕೇಳಬೇಕಿಲ್ಲ. ಅದೇ ಬಳಗದ ಗೇಣುದ್ದದ ಸಣ್ಣ ಮೀನಿಗೆ ಕೆಲವು ಕಡೆ ಗಿರ್ಲು ಅನ್ನುತ್ತಾರೆ. ಅದರ ಮೀಸೆ ಮೈಗಿಂತ ಉದ್ದವೇನೋ ಅನ್ನುವ ಹಾಗೆ ಬಾಲದವರೆಗೂ ಇಳಿದಿರುತ್ತವೆ, ಮೆತ್ತನ ರೆಕ್ಕೆ ಬೆನ್ನಿನ ರೆಕ್ಕೆಯ ಹಿಂದೆಯೇ ಶುರುವಾಗಿ ಉದ್ದಕ್ಕೆ ಹೋಗಿರುತ್ತದೆ. ಬಲೆಯಿಂದ ಬಿಡಿಸುವಾಗ ಇದರ ಮುಳ್ಳು ಕೈಗೆ ಚುಚ್ಚದೆ ಬಿಡುವುದಿಲ್ಲ.

ಪೇಟೆಯಲ್ಲಿ ಈಗ ಎಲ್ಲಿ ನೋಡಿದರೂ ಪಂಗಾಸ್. ಇದು ನಮ್ಮ ನದಿಯದಲ್ಲ, ಮೆಕಾಂಗ್ ಎಂಬ ಪೂರ್ವ ದೇಶಗಳ ನದಿಯದು. 1990ರ ದಶಕದ ನಡುವೆ ಬಾಂಗ್ಲಾದೇಶದ ಕಡೆಯಿಂದ ನಮ್ಮ ದೇಶಕ್ಕೆ ಬಂತು. ಬೆಳ್ಳಿಯಂಥ ಮೈ, ಸಣ್ಣ ಬಾಯಿ, ಎರಡೇ ಜೋಡಿ ಗಿಡ್ಡ ಮೀಸೆ, ಬೆನ್ನಿನ ರೆಕ್ಕೆಗೆ ಮುಳ್ಳು, ಹಿಂದೆ ಸಣ್ಣ ಮೆತ್ತನ ರೆಕ್ಕೆ, ಕವಲು ಬಾಲ. ಮರಿ ಇದ್ದಾಗ ಮೈಯುದ್ದಕ್ಕೂ ಕಪ್ಪು ಪಟ್ಟೆ ಎಳೆದಂತೆ ಇರುತ್ತವೆ, ಅಳಿಲಿನ ಬೆನ್ನು ನೆನಪಾಗುತ್ತದೆ. ಬೆಳೆದ ಮೇಲೆ ಪಟ್ಟೆ ಮಾಸುತ್ತವೆ. ಹೋಟೆಲುಗಳಲ್ಲಿ 'ಬಾಸಾ' ಎಂದು ಕೊಡುವುದೂ ಸಾಮಾನ್ಯವಾಗಿ ಇದೇ ಬಳಗದ್ದು. ಕತ್ತರಿಸಿ ತಲೆ ತೆಗೆದ ಪಂಗಾಸನ್ನು ಬಾಳೆ ಮೀನು ಎಂದು ಮಾರುವುದು ಸುಲಭ. ಅದಕ್ಕೆ ತಿನ್ನುವವರು ಸಂತೆಯಲ್ಲಿ ಮೀನು ಕೊಳ್ಳುವಾಗ ತಲೆ ಇದ್ದ ಇಡೀ ಮೀನನ್ನೇ ಆರಿಸಿ, ನಂತರ ಕತ್ತರಿಸಿಕೊಡಲು ಹೇಳಿರಿ. ತಲೆ ಹೋದ ಮೇಲೆ ಜಾತಿ ಹೇಳುವುದು ಬಲ್ಲವರಿಗೂ ಕಷ್ಟ. ಪಂಗಾಸ್ ಸಾಕಣೆಗೆ ಸರಕಾರ ನಿಯಮ ಹಾಕಿ ಅವಕಾಶ ಕೊಟ್ಟಿದೆ, ಇಲಾಖೆಯ ಅನುಮತಿ ಪಡೆದು ಸಾಕಬಹುದು.

ಈಗ ಮುಖ್ಯ ತಕರಾರಿಗೆ ಬರೋಣ. ಬಾಲ ದುಂಡಗೆ, ತಲೆ ಮೇಲಿಂದ ಒತ್ತಿದಂತೆ ಚಪ್ಪಟೆ, ಮೀಸೆ ನಾಲ್ಕು ಜೋಡಿ, ಹಿಂದೆ ಮೆತ್ತನ ರೆಕ್ಕೆ ಇಲ್ಲ, ಇಷ್ಟು ಇದ್ದರೆ ಮೂರು ಮೀನುಗಳಲ್ಲಿ ಒಂದು. ಚೇಳು ಮೀನು, ದೇಸಿ ಮಾಗೂರ, ಆಫ್ರಿಕಾದ ಮಾಗೂರ. ಇವು ಮೂರೂ ಗಾಳಿ ಉಸಿರಾಡುವ ಮೀನುಗಳು. ನೀರು ಕೆಟ್ಟರೂ, ಹೊಂಡ ಕೆಸರಾದರೂ ಬದುಕುತ್ತವೆ. ಅದಕ್ಕೇ ಇವನ್ನು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬೊಗಸೆ ನೀರು ಹಾಕಿ ಜೀವಂತ ಮಾರುತ್ತಾರೆ.

ಚೇಳು ಮೀನನ್ನು ಬೇರೆ ಮಾಡುವುದು ಸುಲಭ. ಬೆನ್ನು ನೋಡಿರಿ. ಚೇಳು ಮೀನಿನ ಬೆನ್ನಿನ ಮೇಲೆ ಒಂದೇ ಒಂದು ಪುಟ್ಟ ರೆಕ್ಕೆ, ತಲೆಗೆ ಸಮೀಪ, ಆಮೇಲೆ ಬಾಲದವರೆಗೆ ಬೋಳು. ಮಾಗೂರಕ್ಕೆ, ದೇಸಿ ಇರಲಿ ಆಫ್ರಿಕಾದ್ದಿರಲಿ, ತಲೆಯ ಹಿಂದಿನಿಂದ ಬಾಲದ ಬುಡದವರೆಗೂ ಉದ್ದ ಬೆನ್ನಿನ ರೆಕ್ಕೆ. ಈ ಒಂದು ಗುರುತು ಪ್ರತಿ ಮನೆಯ ಮಕ್ಕಳಿಗೂ ಗೊತ್ತಿರಬೇಕು, ಯಾಕಂದರ ಚೇಳು ಮೀನಿನ ಎದೆಯ ರೆಕ್ಕೆಯ ಮುಳ್ಳಿನಲ್ಲಿ ವಿಷ ಇದೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹುಡುಗರು ಕೆಸರಿಗೆ ಇಳಿದು ಬರಿಗೈಯಿಂದ ಹಿಡಿಯುತ್ತಾರೆ. ಕುಟುಕಿದರೆ ಕೈ ಊದಿ, ಚೇಳು ಕಡಿದಂತೆ ಉರಿ ಏರುತ್ತದೆ. ಹಾಗಾದಾಗ ಸುಣ್ಣ ಹಚ್ಚುವುದು, ಬ್ಲೇಡಿನಿಂದ ಗೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಮುಳ್ಳು ಮುರಿದು ಉಳಿದಿದ್ದು ಕಂಡರೆ ತೆಗೆದು, ಗಾಯ ತೊಳೆದು, ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಅರ್ಧ ತಾಸಿನಿಂದ ಒಂದು ತಾಸು ಕೈ ಮುಳುಗಿಸಿ ಇಡಬೇಕು. ಈ ವಿಷ ಬಿಸಿಗೆ ಕೆಡುವ ಜಾತಿಯದು. ನೀರು ಎಷ್ಟು ಬಿಸಿ ಎಂದು ದೊಡ್ಡವರು ಮೊದಲು ತಮ್ಮ ಕೈ ಇಟ್ಟು ನೋಡಬೇಕು, ಉರಿಯಲ್ಲಿದ್ದ ಹುಡುಗನಿಗೆ ಸುಡುವುದು ತಿಳಿಯುವುದಿಲ್ಲ. ಆಮೇಲೆ ದವಾಖಾನೆಗೆ ಹೋಗಿ ಧನುರ್ವಾಯು ಸೂಜಿ ಮಾಡಿಸಬೇಕು. ಗಿರ್ಲು, ಮಾಗೂರದ ಮುಳ್ಳು ಚುಚ್ಚಿದಾಗಲೂ ಇದೇ ಉಪಚಾರ.

ಉಳಿದದ್ದು ಎರಡು ಮಾಗೂರ. ಇಲ್ಲಿಯೇ ವ್ಯಾಪಾರ ನಡೆಯುವುದು.

ದೇಸಿ ಮಾಗೂರ ಸಣ್ಣ ಮೀನು. ಒಂದು ಮೊಳಕ್ಕಿಂತ ಹೆಚ್ಚು ಬೆಳೆದದ್ದು ಕಾಣುವುದು ಅಪರೂಪ. ಮೈ ಒಂದೇ ಬಣ್ಣ, ಕಂದು ಅಥವಾ ಕಪ್ಪು, ಪಕ್ಕೆಯಲ್ಲಿ ಸಣ್ಣ ಸಣ್ಣ ಬಿಳಿ ಚುಕ್ಕೆ ಸಾಲಾಗಿ ಇರಬಹುದು. ಬಿಹಾರ ಸರಕಾರ ಇದನ್ನು ತನ್ನ ರಾಜ್ಯದ ಮೀನು ಎಂದು ಮಾಡಿಕೊಂಡಿದೆ. ಹಳೆಯ ಪುಸ್ತಕಗಳಲ್ಲಿ ಇದಕ್ಕೆ ಕ್ಲೇರಿಯಸ್ ಬಟ್ರಾಕಸ್ ಎಂದು ಬರೆದಿರುತ್ತಾರೆ. ಆ ಹೆಸರಿನ ಮೀನು ಜಾವಾ ಕಡೆಯದು, ನಮ್ಮದು ಬೇರೆ, ಕ್ಲೇರಿಯಸ್ ಮಾಗುರ್ ಎಂದು ಈಗಿನವರು ತಿದ್ದಿದ್ದಾರೆ. ಇದೂ ಅಳಿವಿನಂಚಿನ ಪಟ್ಟಿಯಲ್ಲಿದೆ.

ಆಫ್ರಿಕಾದ ಮಾಗೂರಕ್ಕೆ ಕ್ಲೇರಿಯಸ್ ಗೇರಿಪೈನಸ್ ಅನ್ನುತ್ತಾರೆ. ಥಾಯ್ಲೆಂಡ್ ದಾರಿಯಿಂದ ಬಂದದ್ದೆಂದು 'ಥಾಯ್ ಮಾಂಗೂರ' ಎಂಬ ಹೆಸರೂ ಇದೆ, ಮೂಲ ಮಾತ್ರ ಆಫ್ರಿಕಾ. ಒಂದು ಮೀಟರು ದಾಟಿ ಬೆಳೆಯುತ್ತದೆ. ತಲೆ ದೊಡ್ಡದು, ಅಗಲ, ತಲೆಬುರುಡೆಯ ಮೇಲ್ಮೈ ದೊರಗು. ಮೈಮೇಲೆ ಬೂದು ಹಸಿರಿನ ನಡುವೆ ಅಡ್ಡಾದಿಡ್ಡಿ ಮಚ್ಚೆ, ಶಹಾಬಾದ್ ಕಲ್ಲಿನ ಮೇಲೆ ಎಣ್ಣೆ ಚೆಲ್ಲಿದಂತೆ. ಹೊಟ್ಟೆ ಬಿಳಿ. ಇವೆಲ್ಲಕ್ಕಿಂತ ನಂಬುವಂಥ ಗುರುತು ಒಂದಿದೆ. ಮೀನನ್ನು ಅಂಗಾತ ಮಾಡಿ ಗದ್ದದ ಕೆಳಭಾಗ ನೋಡಿರಿ. ಆಫ್ರಿಕಾದ್ದಾದರೆ ಎಡಕ್ಕೊಂದು ಬಲಕ್ಕೊಂದು ಕಪ್ಪು ಪಟ್ಟೆ ಉದ್ದಕ್ಕೆ ಹೋಗಿರುತ್ತದೆ, ಹಣೆಗೆ ಹಚ್ಚುವ ವಿಭೂತಿಯನ್ನು ಕಾಡಿಗೆಯಿಂದ, ಅದೂ ನಿಲುವಾಗಿ ಎಳೆದಂತೆ. ಸಣ್ಣ ಮೀನಿನಲ್ಲಿ ಇದು ಮಸುಕು, ಬೆಳೆದದ್ದರಲ್ಲಿ ಸ್ಪಷ್ಟ. ಸತ್ತ ಮೀನಿನ ಕಿವಿರಿನ ಮುಚ್ಚಳ ಎತ್ತಿ ನೋಡಿದರೆ ಕಮಾನಿನ ಒಳಮೈಯಲ್ಲಿ ಬಾಚಣಿಕೆಯ ಹಲ್ಲಿನಂಥ ಸಾಲು ಕಾಣುತ್ತದೆ. ಆಫ್ರಿಕಾದ್ದರಲ್ಲಿ ಅವು ಒತ್ತೊತ್ತಾಗಿ, ದೊಡ್ಡ ಮೀನಿನಲ್ಲಿ ನೂರರವರೆಗೂ ಇರುತ್ತವೆ, ದೇಸಿಯದರಲ್ಲಿ ಬಹಳ ಕಡಿಮೆ. ಹೇನು ಬಾಚಣಿಕೆ, ಸಾದಾ ಬಾಚಣಿಕೆ ಎರಡನ್ನೂ ಕಂಡ ನಮ್ಮ ತಾಯಂದಿರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇಲಾಖೆಯವರು ತಲೆಯ ಹಿಂಭಾಗದ ಎಲುಬಿನ ಆಕಾರವನ್ನೂ ನೋಡುತ್ತಾರೆ, ಅದಕ್ಕೆ ಪಳಗಿದ ಕಣ್ಣು ಬೇಕು.

ಈಗ ಆ ವ್ಯಾಪಾರಿಯ ಮಾತು ನೆನಪು ಮಾಡಿಕೊಳ್ಳಿರಿ. ಬೆರಳುದ್ದದ ಮರಿಯಲ್ಲಿ ಈ ಗುರುತುಗಳು ಯಾವುವೂ ಚೆನ್ನಾಗಿ ಮೂಡಿರುವುದಿಲ್ಲ. ಗದ್ದದ ಪಟ್ಟೆ ಇಲ್ಲ, ಗಾತ್ರದ ಫರಕು ಇಲ್ಲ. ಮರಿ ಮಾರುವವನಿಗೆ ಇದು ಚೆನ್ನಾಗಿ ಗೊತ್ತು. ಮೇಲಾಗಿ ಎರಡು ಜಾತಿಯ ಮಾಗೂರ ಕೂಡಿಸಿ ಬೆರಕೆ ಮಾಡುವುದೂ ಇದೆ. ಥಾಯ್ಲೆಂಡಿನಲ್ಲಿ ಅಲ್ಲಿಯ ಮಾಗೂರಕ್ಕೆ ಆಫ್ರಿಕಾದ್ದನ್ನು ಕೂಡಿಸಿದ ಬೆರಕೆ ಮೀನೇ ಹೆಚ್ಚು ಸಾಕಣೆಯಲ್ಲಿದೆ. ಬೆರಕೆಯನ್ನು ಕಣ್ಣಿನಿಂದ ಹೇಳುವುದು ಇನ್ನೂ ಕಷ್ಟ. ಹಾಗಾದರೆ ಮರಿ ಇದ್ದಾಗ ಗುರುತಿಸುವುದು ಹ್ಯಾಂಗ? ಮೀನಿಗಿಂತ ಮಾರುವವನ ಮಾತೇ ಗುರುತು. ದೇಸಿ ಮಾಗೂರ ಆರು ತಿಂಗಳಿಗೆ ಕಿಲೋ ತೂಗುವುದಿಲ್ಲ, ಅದು ನಿಧಾನ ಬೆಳೆಯುವ ಮೀನು. ಆರು ತಿಂಗಳಿಗೆ ಕಿಲೋ ಎಂದು ಹೇಳಿದವನು ತನ್ನ ಬಾಯಿಂದಲೇ 'ಇದು ದೇಸಿಯದಲ್ಲ' ಎಂದು ಒಪ್ಪಿಕೊಂಡ ಹಾಗೆ. ನಮ್ಮ ಭಾಗದಲ್ಲಿ ದೇಸಿ ಮಾಗೂರ ಅಷ್ಟಾಗಿ ಸಿಗುವುದಿಲ್ಲ. ಸಿಗದ ಮೀನಿನ ಮರಿ ಡಬ್ಬಿಗಟ್ಟಲೆ, ಅದೂ ಅಗ್ಗಕ್ಕೆ, ಮೋಟರ್ ಸೈಕಲ್ಲಿನ ಮೇಲೆ ಬರುತ್ತದೆ ಎಂದರೆ ನಾವು ಮೊದಲು ಸಂಶಯಪಡಬೇಕು, ಆಮೇಲೆ ರೇಟು ಕೇಳಬೇಕು.

ಸಾಕಿದರೆ ಏನಾಗುತ್ತದೆ, ಲಾಭ ಬಂದರೆ ಸಾಕಲ್ಲ, ಎಂದು ನಮ್ಮ ಆಡಳಿತ ಮಂಡಳಿಯ ಒಬ್ಬ ಹಿರಿಯರೇ ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದು, ಮಳೆ ಇಲ್ಲದ ನಾಡಿನಲ್ಲಿ ಲಾಭದ ಮಾತನ್ನು ಯಾರೂ ಹಗುರಾಗಿ ತಳ್ಳಿಹಾಕಬಾರದು. ಅದಕ್ಕೆ ಉತ್ತರ ಎರಡು. ಒಂದು ಕಾಯದೆಯದು. 1997ರಲ್ಲಿಯೇ ಕೇಂದ್ರ ಸರಕಾರ ಈ ಮೀನಿನ ಸಾಕಣೆ ನಿಲ್ಲಿಸಿ, ಇದ್ದದ್ದನ್ನು ನಾಶ ಮಾಡಿರೆಂದು ರಾಜ್ಯಗಳಿಗೆ ತಿಳಿಸಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಅದನ್ನೇ ಒತ್ತಿ ಹೇಳಿತು. ನಮ್ಮ ರಾಜ್ಯದಲ್ಲೂ ನಿಷೇಧ ಇದೆ. ಪಕ್ಕದ ಮಹಾರಾಷ್ಟ್ರದಲ್ಲಿ 2020ರಲ್ಲಿ ಇಲಾಖೆಯವರು ಹೊಂಡಗಳಿಗೆ ಹೋಗಿ ಟನ್ನುಗಟ್ಟಲೆ ಮೀನು ತೆಗೆಸಿ ಹುಗಿಸಿದರು. ಹುಗಿಸಿದ ಮೀನಿಗೆ ಪರಿಹಾರ ಇಲ್ಲ, ವಿಮೆ ಇಲ್ಲ. ಆದರೆ ಮರಿ ಕೊಳ್ಳಲು ಸಂಘದಿಂದ ತೆಗೆದ ಸಾಲದ ಕಂತು ಮಾತ್ರ ಇರುತ್ತದೆ. ಮರಿ ಮಾರಿದವನ ಫೋನು ಅಷ್ಟೊತ್ತಿಗೆ ಬಂದ್ ಆಗಿರುತ್ತದೆ. ಸಂಘದ ಹೆಸರಿನಲ್ಲೇ ಖರೀದಿ ಆದರೆ ಸಂಘದ ಮೇಲೂ ಪ್ರಕರಣ ಬರುತ್ತದೆ. ಇಪ್ಪತ್ತೈದು ವರ್ಷ ಹಿರಿಯರು ಕಾಪಾಡಿಕೊಂಡು ಬಂದ ಹೆಸರು ಒಂದು ಡಬ್ಬಿ ಮರಿಗೆ ಹೋಗಬಾರದು.

ಎರಡನೆಯದು ನೀರಿನದು, ಅದು ಇನ್ನೂ ದೊಡ್ಡದು. ಈ ಮೀನು ತಿನ್ನದಿರುವುದು ಏನೂ ಇಲ್ಲ. ಮೀನು, ಮೊಟ್ಟೆ, ಕಪ್ಪೆ, ಹುಳ, ಸಿಕ್ಕರೆ ನೀರಹಕ್ಕಿಯ ಮರಿ. ಕೋಳಿ ಅಂಗಡಿಯ ಹೊಲಸನ್ನು ಹಾಕಿ ಬೆಳೆಸುವುದೂ ಅದಕ್ಕೇ. ರಾತ್ರಿ ಮಳೆ ಬಂದರೆ ಎದೆಯ ಮುಳ್ಳು ಊರಿಕೊಂಡು ಒದ್ದೆ ನೆಲದ ಮೇಲೆ ತೆವಳಿ ಇನ್ನೊಂದು ನೀರಿಗೆ ಹೋಗುತ್ತದೆ. ಕಿವಿರಿನ ಮೇಲೆ ಗಿಡದ ಕೊಂಬೆಯಂಥ ಅಂಗ ಇದ್ದು ಅದರಿಂದ ಗಾಳಿ ಕುಡಿಯುವುದರಿಂದ ದಾರಿಯಲ್ಲಿ ಸಾಯುವುದಿಲ್ಲ. ನಿಮ್ಮ ಹೊಂಡದ ಒಡ್ಡು ಅದಕ್ಕೆ ಬೇಲಿಯೇ ಅಲ್ಲ. ರಾಜಸ್ಥಾನದ ಭರತಪುರದಲ್ಲಿ ಕೇವಲಾದೇವ ಎಂಬ ಜಗತ್ತಿಗೇ ಹೆಸರಾದ ಪಕ್ಷಿಧಾಮ ಇದೆ. ಅಲ್ಲಿಯ ಕೊಳಗಳಿಗೆ ಈ ಮೀನು ಸೇರಿಕೊಂಡು, ತೆಗೆದಷ್ಟೂ ಮುಗಿಯದೆ, ಸಾವಿರಗಟ್ಟಲೆ ಹಿಡಿದು ಹೊರಹಾಕಬೇಕಾಯಿತು.

ನಮ್ಮ ನಾಲ್ಕು ತಾಲೂಕುಗಳ ನೆಲದ ಇಳಿಜಾರು ನಿಮಗೆ ಗೊತ್ತಿದ್ದದ್ದೇ. 2018ರಲ್ಲಿ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ ಎಂದು ಹೊಸ ತಾಲೂಕುಗಳಾದರೂ ನೀರಿಗೆ ಆ ಗಡಿ ತಿಳಿಯುವುದಿಲ್ಲ. ಇಂಡಿ, ಸಿಂದಗಿಯ ಹಳ್ಳಗಳಲ್ಲಿ ಬಹಳಷ್ಟು ಭೀಮೆಗೆ ಇಳಿಯುತ್ತವೆ. ಬಾಗೇವಾಡಿ, ಮುದ್ದೇಬಿಹಾಳದ್ದು ಡೋಣಿಗೆ, ಇಲ್ಲವೆ ನೇರ ಕೃಷ್ಣೆಗೆ. ಆಲಮಟ್ಟಿಯ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ, ಅದರ ಕೆಳಗೆ ನಾರಾಯಣಪುರದ ಬಸವ ಸಾಗರ, ಇವೆರಡರಲ್ಲಿ ಬಲೆ ಹಾಕಿ ಬದುಕುವ ಮನೆಗಳು ಎಷ್ಟಿವೆ ಎಂದು ಇಲ್ಲಿ ಹಿಂದೆ ಕೂತವರನ್ನು ಕೇಳಿರಿ. ಆಣೆಕಟ್ಟಿಗೆ ಹೊಲ ಮನೆ ಕಳೆದುಕೊಂಡು ಮೀನಿಗೆ ಇಳಿದವರೂ ಅದರಲ್ಲಿದ್ದಾರೆ. 2019ರ ಆಗಸ್ಟಿನಲ್ಲಿ ಕೃಷ್ಣೆ, 2020ರ ಅಕ್ಟೋಬರಿನಲ್ಲಿ ಭೀಮೆ ಹೇಗೆ ದಂಡಿ ಮೀರಿ ಹೊಲ ಹೊಕ್ಕವು ಎಂದು ನೋಡಿದ್ದೇವೆ. ಅಂಥ ನೀರು ಬಂದ ದಿವಸ ದಂಡಿಯ ಹೊಂಡದೊಳಗಿನದು ಹೊಂಡದಲ್ಲಿ ಉಳಿಯುವುದಿಲ್ಲ. ಉಜನಿಯಿಂದ ನೀರು ಬಿಟ್ಟಾಗ ಮೇಲಿನವರು ಸಾಕಿದ್ದು ನಮಗೆ ಬರುತ್ತದೆ, ನಾವು ಸಾಕಿದ್ದು ಕೆಳಗಿನವರಿಗೆ ಹೋಗುತ್ತದೆ. ಮೊದಲೇ ಕಡಿಮೆಯಾದ ಬಾಳೆ, ಗೊದ್ದಲೆ, ಸಿಂಗಾಲದ ಮರಿಗಳ ಮೇಲೆ ಈ ಹೊಸ ಬಾಯಿಯನ್ನು ಬಿಟ್ಟರೆ ಅಂಬಿಗರ ಬಲೆಗೆ ಮುಂದೆ ಏನು ಬೀಳಬೇಕು?

ನಡುವೆ ಇನ್ನೊಂದು ಮಾತು. ಪೇಟೆ ಮನೆಗಳಲ್ಲಿ ಗಾಜಿನ ತೊಟ್ಟಿಯ ಪಾಚಿ ತಿನ್ನಲು ಒಂದು ಮೀನು ತರುತ್ತಾರೆ. ಮೈಮೇಲೆ ಎಲುಬಿನ ಫಲಕದ ಕವಚ, ಬಾಯಿ ಕೆಳಗಡೆ ಗಾಜಿಗೆ ಅಂಟುವಂಥದ್ದು. ಅದೂ ಮೀಸೆ ಮೀನಿನ ಬಳಗವೇ, ದಕ್ಷಿಣ ಅಮೆರಿಕದ್ದು. ಕವಚ ನೋಡಿದರೆ ಎಂಥವರಿಗೂ ಗುರುತು ಸಿಗುತ್ತದೆ. ದೊಡ್ಡದಾಯಿತೆಂದು ಅದನ್ನು ಕೆರೆಗೆ ಬಿಡಬೇಡಿರಿ. ಅದು ಬಲೆ ಹರಿಯುತ್ತದೆ, ಯಾರೂ ಕೊಳ್ಳುವುದಿಲ್ಲ.

ಈಗ ಯಾರ ಹೊಂಡದಲ್ಲಾದರೂ ಈಗಾಗಲೇ ಮಾಗೂರ ಇದ್ದರೆ ಹೆದರಬೇಡಿರಿ, ಮುಚ್ಚಿಡಲೂ ಬೇಡಿರಿ. ಗದ್ದದ ಪಟ್ಟೆ ನೋಡಿರಿ. ಸಂಶಯ ಬಂದರೆ ಒಂದು ಮೀನನ್ನು ಮಂಜುಗಡ್ಡೆಯಲ್ಲಿಟ್ಟು ತಾಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ, ಇಲ್ಲವೆ ವಿಜಯಪುರದ ಭೂತನಾಳದ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರಕ್ಕೆ ಒಯ್ಯಿರಿ. ಆಫ್ರಿಕಾದ್ದೆಂದು ಖಾತ್ರಿ ಆದರೆ ಹೊಂಡದ ನೀರನ್ನು ಹಳ್ಳಕ್ಕೆ ಬಿಡಬೇಡಿರಿ, ಹೊಲಕ್ಕೇ ಹಾಯಿಸಿರಿ. ಹೊರಗೆ ಹೋಗುವ ಬಾಯಿಗೆ ಜಾಲರಿ ಕಟ್ಟಿ, ಬತ್ತಿಸಿ, ಕೆಸರಿನಲ್ಲಿ ಹುಗಿದುಕೊಂಡವನ್ನೂ ತೆಗೆದು, ಕೆಸರು ಪೂರಾ ಒಣಗಿ ಬಿರಿಯುವ ತನಕ ಬಿಟ್ಟು ಆಮೇಲೆ ಹೊಸ ನೀರು ತುಂಬಿಸಿರಿ. 'ಪಾಪ, ಜೀವ' ಎಂದು ಹಳ್ಳಕ್ಕೆ ಬಿಡುವುದು ಮಾತ್ರ ಬೇಡ. ದಯೆ ತೋರಿಸಲು ಬೇರೆ ಮೀನುಗಳು ಇವೆ.

ಆಡಳಿತ ಮಂಡಳಿಯ ಪ್ರಸ್ತಾವನೆ ಹೀಗಿದೆ, ಮಧ್ಯಾಹ್ನದ ಸಭೆಯಲ್ಲಿ ಕಾರ್ಯದರ್ಶಿಯವರು ಓದಿ ಹೇಳುತ್ತಾರೆ. ಆ ವ್ಯಾಪಾರಿಯ ಮರಿ ಸಂಘ ಕೊಳ್ಳುವುದಿಲ್ಲ. ಹೊಂಡ ಇದ್ದ ಸದಸ್ಯರ ಹೆಸರು ಬರೆದುಕೊಂಡು, ಎಲ್ಲರ ಬೇಡಿಕೆ ಕೂಡಿಸಿ, ಇಲಾಖೆಯ ಮೂಲಕವೇ ರೋಹು, ಕಾಟ್ಲಾ, ಸಾಮಾನ್ಯ ಗೆಂಡೆ ಮರಿ ತರಿಸುವುದು. ಮೀಸೆ ಮೀನೇ ಬೇಕೆನ್ನುವವರು ಪಂಗಾಸಿಗೆ ಅನುಮತಿ ಅರ್ಜಿ ಕೊಟ್ಟರೆ ಸಂಘ ಕಾಗದಪತ್ರಕ್ಕೆ ಸಹಾಯ ಮಾಡುವುದು. ಮರಿ ಬಂದ ದಿನ ಹೊಂಡಕ್ಕೆ ಬಿಡುವ ಮೊದಲು ಬಿಳಿ ತಾಟಿನಲ್ಲಿ ಒಂದು ಬೊಗಸೆ ಹಾಕಿ, ಹುರುಪೆ ಇಲ್ಲದ, ಮೀಸೆಯ ಮರಿ ಬೆರೆತಿದೆಯೋ ಎಂದು ಇಬ್ಬರು ಸದಸ್ಯರು ನೋಡಿ ರುಜು ಹಾಕುವುದು. ವಿರೋಧ ಇದ್ದವರು ಎದ್ದು ನಿಂತು ಹೇಳಿರಿ, ಹೊರಗೆ ಚಹಾದ ಅಂಗಡಿಯಲ್ಲಿ ಹೇಳಿದ್ದು ನಡಾವಳಿ ಪುಸ್ತಕಕ್ಕೆ ಬರುವುದಿಲ್ಲ.

ಭೀಮಾ ದಂಡಿಯ ಸ್ನೇಹಿತರು ಈ ದಿನಕ್ಕಾಗಿ ಬಾಳೆ, ಗೊದ್ದಲೆ, ಸಿಂಗಾಲ, ಗಿರ್ಲು, ಚೇಳು ಮೀನು ತಂದು ಗೋದಾಮಿನ ಪಕ್ಕದ ಕಟ್ಟೆಯ ಮೇಲೆ ಮಂಜುಗಡ್ಡೆಯಲ್ಲಿ ಇಟ್ಟಿದ್ದಾರೆ. ಪ್ರತಿಯೊಂದರ ಮುಂದೆ ಹೆಸರಿನ ಚೀಟಿ ಇದೆ. ಬಲೆಯಲ್ಲಿ ಸಿಕ್ಕ ಆಫ್ರಿಕಾದ ಮಾಗೂರವೂ ಒಂದಿದೆ, ಅದನ್ನು ಅಂಗಾತ ಇಟ್ಟಿದ್ದೇವೆ, ಗದ್ದದ ಪಟ್ಟೆ ಕಾಣಲಿ ಎಂದು. ಊಟಕ್ಕೆ ಮೊದಲು ಸಾಲಾಗಿ ಹೋಗಿ ನೋಡಿರಿ, ಊಟದ ಮೇಲೆ ವಾಸನೆ ಬಂತೆಂದು ಬೈಯಬೇಡಿರಿ. ಚೇಳು ಮೀನು ಸತ್ತಿದ್ದರೂ ಮುಳ್ಳು ಮುಟ್ಟಬಾರದು, ಹುಡುಗರ ಕೈ ಹಿಡಿದುಕೊಂಡು ಹೋಗಿರಿ.